ಬೀದಿ ಟ್ರಾನ್ಸ್‌ಫಾರ್ಮರಿನ ಖರ್ಚನ್ನು ಎನರ್ಜಿ ಪ್ಲಾನ್ ಒಳಗೆ ತರುವುದು ಹೇಗೆ?

ಪ್ರಶ್ನೆ: ಒಂದು ಪ್ರದೇಶಕ್ಕೆ ಮುಂದಿನ ಇಪ್ಪತ್ತು ವರ್ಷದ ಎನರ್ಜಿ ಪ್ಲಾನ್ ಮಾಡುವ ತಂಡದಲ್ಲಿ ಇದ್ದೇನೆ. ನಮ್ಮ ಆಪ್ಟಿಮೈಸೇಶನ್ ಮಾಡೆಲ್ (ಅತಿ ಕಡಿಮೆ ಖರ್ಚಿನ ದಾರಿ ಹುಡುಕುವ ಕಂಪ್ಯೂಟರ್ ಲೆಕ್ಕ) ಎಲ್ಲಾ ಮನೆಗೂ ಹೀಟ್ ಪಂಪ್ (ಕರೆಂಟಿನಿಂದ ಮನೆ ಬಿಸಿ ಮಾಡುವ ಯಂತ್ರ), ಎಲೆಕ್ಟ್ರಿಕ್ ಕಾರು, ಚಾವಣಿ ಮೇಲೆ ಸೋಲಾರ್ ಅಂತ ಉತ್ತರ ಕೊಡುತ್ತಿದೆ. ವಿತರಣಾ ಕಂಪನಿಯ ಎಂಜಿನಿಯರುಗಳು ಮಾತ್ರ "ನಮ್ಮ ಟ್ರಾನ್ಸ್‌ಫಾರ್ಮರು, ಕೇಬಲ್ಲು ಇದನ್ನೆಲ್ಲ ತಡ್ಕೊಳ್ಳಲ್ಲ" ಅನ್ನುತ್ತಾರೆ. ಮಾಡೆಲ್‌ನಲ್ಲಿ ಲೋಕಲ್ ಗ್ರಿಡ್, ಅಂದರೆ ಮನೆಗಳಿಗೆ ಕರೆಂಟ್ ತರುವ ಈ ವಿತರಣಾ ಜಾಲ, ಅನ್ನುವುದೇ ಇಲ್ಲ. ಒಟ್ಟು ಖರ್ಚಿನ ಮೇಲೆ ಒಂದಿಷ್ಟು ಶೇಕಡಾ ಸೇರಿಸಿದರೆ ಸಾಕೇ? ಇಲ್ಲಾ ಪ್ರತಿ ಬೀದಿಯ ಲೈನನ್ನೂ ಮಾಡೆಲ್ ಒಳಗೆ ತರಬೇಕೇ?

ಉತ್ತರ: ಎರಡೂ ಬೇಡ.

ಶೇಕಡಾ ಲೆಕ್ಕದಲ್ಲಿ ಸೇರಿಸಿದರೆ ಕೊನೆಯ ಮೊತ್ತ ಬದಲಾಗುತ್ತದೆ ಅಷ್ಟೇ, ಪ್ಲಾನ್ ಬದಲಾಗುವುದಿಲ್ಲ. ಯಾವುದನ್ನು ಎಷ್ಟು ಕಟ್ಟಬೇಕು ಅಂತ ಮಾಡೆಲ್ ತೀರ್ಮಾನ ಮಾಡುವ ಹೊತ್ತಿಗೇ ಈ ಖರ್ಚು ಅದರ ಕಣ್ಣಿಗೆ ಬೀಳಬೇಕು. ಹೀಟ್ ಪಂಪ್ ಹಾಕಲಾ, ಮನೆಗೆ ಇನ್ಸುಲೇಶನ್ (ಶಾಖ ಸೋರದಂತೆ ಹೊದಿಕೆ) ಮಾಡಿಸಲಾ? ಸೋಲಾರ್ ಚಾವಣಿ ಮೇಲಾ, ಊರಾಚೆ ಬಯಲಲ್ಲಾ? ಇಂಥ ಆಯ್ಕೆಗಳಲ್ಲಿ ಗೆಲ್ಲುವುದು ಯಾವುದು ಅನ್ನುವುದನ್ನೇ ಲೋಕಲ್ ಗ್ರಿಡ್ ಖರ್ಚು ತಿರುಗಿಸಿಬಿಡಬಹುದು. ಇನ್ನು ಪ್ರತಿ ಬೀದಿಯನ್ನೂ ಮಾಡೆಲ್ ಒಳಗೆ ತುಂಬಲು ಹೋದರೆ ಅದು ಓಡುವುದೇ ಇಲ್ಲ. ಓಡಿದರೂ, ಇಪ್ಪತ್ತು ವರ್ಷದ ನಂತರ ಯಾವ ಬೀದಿಯ ಯಾವ ಮನೆಯಲ್ಲಿ ಕಾರ್ ಚಾರ್ಜರ್ ಇರುತ್ತದೆ ಅಂತ ಯಾರಿಗೂ ಗೊತ್ತಿಲ್ಲ, ಹಾಗಾಗಿ ಆ ವಿವರಕ್ಕೆ ಅರ್ಥವೂ ಇಲ್ಲ.

ಮಧ್ಯದ ದಾರಿ ಒಂದಿದೆ. ಲೋಕಲ್ ಗ್ರಿಡ್ಡನ್ನು ಒಂದು ಸಾಮರ್ಥ್ಯ ಅಂತ ಮಾಡೆಲ್ ಒಳಗೆ ಇಡಿ. ಅದರ ಬೆಲೆ ಯುನಿಟ್ಟಿಗಿಷ್ಟು ಅಂತ ಬೇಡ, ಸ್ಥಳೀಯ ಪೀಕ್‌ನ (ಒಂದೇ ಹೊತ್ತಿಗೆ ಬರುವ ಗರಿಷ್ಠ ಲೋಡಿನ) ಕಿಲೋವ್ಯಾಟಿಗಿಷ್ಟು ಅಂತ ಇರಲಿ. ಈಗಾಗಲೇ ಖಾಲಿ ಇರುವ ಸಾಮರ್ಥ್ಯವನ್ನು ಪುಕ್ಕಟೆ ಕೊಡಿ, ಅದು ಮುಗಿದ ಮೇಲೆ ಬೆಲೆ ಶುರುವಾಗಲಿ. ಕರೆಂಟ್ ಕೆಳಗೆ ಬರುವುದನ್ನೂ ಮೇಲೆ ಹೋಗುವುದನ್ನೂ ಅದೇ ಸಾಮರ್ಥ್ಯ ಹೊರಲಿ. ಹೇಳುವುದಕ್ಕೆ ಇಷ್ಟೇ, ಆದರೆ ಇದರಲ್ಲಿ ಒಂದೊಂದು ಮಾತಿನ ಹಿಂದೆಯೂ ಎಡವುವ ಜಾಗ ಇದೆ. ಅದನ್ನೇ ಒಂದೊಂದಾಗಿ ನೋಡೋಣ.

ಮೊದಲು, ಮಾಡೆಲ್‌ಗೆ ಇದು ಯಾಕೆ ಕಾಣುವುದಿಲ್ಲ ಅಂದರೆ, ಟೈಮ್ಸ್, ಓಸಿಮೋಸಿಸ್ ತರಹದ ಪ್ಲಾನಿಂಗ್ ಮಾಡೆಲ್‌ಗಳಲ್ಲಿ ಸಾಮಾನ್ಯವಾಗಿ ಒಂದು ಇಡೀ ಪ್ರದೇಶ ಒಂದೇ ಬಿಂದು. ಆ ಬಿಂದುವಿನ ಒಳಗೆ ಕರೆಂಟ್ ಎಲ್ಲಿಂದ ಎಲ್ಲಿಗೆ ಬೇಕಾದರೂ ಅಡ್ಡಿ ಇಲ್ಲದೆ ಹರಿಯುತ್ತದೆ. ಪೈಪ್ಸಾ-ಯೂರ್ ಅನ್ನುವ ಯುರೋಪಿನ ಮುಕ್ತ ಮಾಡೆಲ್‌ನಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಲ್ಲಿ ಪ್ರತಿ ಬಿಂದುವಿಗೂ ಒಂದು ವಿತರಣಾ ಲಿಂಕ್ ಸೇರಿಸಬಹುದು, ಮನೆಗಳ ಲೋಡ್ ಮತ್ತು ಚಾವಣಿ ಸೋಲಾರ್ ಆ ಲಿಂಕಿನ ಕೆಳಗೆ, ದೊಡ್ಡ ಪ್ಲಾಂಟುಗಳು ಮೇಲೆ, ಲಿಂಕಿಗೆ ಕಿಲೋವ್ಯಾಟ್ ಲೆಕ್ಕದಲ್ಲಿ ಬೆಲೆ. ಒಳ್ಳೆಯ ಶುರು ಅದು. ನೀವೂ ಅಲ್ಲಿಂದಲೇ ಶುರು ಮಾಡಿ. ಆದರೆ ಆ ಲಿಂಕಿಗೆ ಯಾವ ಪೀಕ್ ಹಾಕುತ್ತೀರಿ, ಯಾವ ಬೆಲೆ ಹಾಕುತ್ತೀರಿ ಅನ್ನುವುದರಲ್ಲೇ ಇಡೀ ಕೆಲಸ ಇರುವುದು.

ಪೀಕ್ ವಿಷಯಕ್ಕೆ ಬರೋಣ. ಇಡೀ ಪ್ರದೇಶದ ಪೀಕ್ ಬೇರೆ, ಒಂದೊಂದು ಬೀದಿಯ ಪೀಕ್‌ಗಳನ್ನು ಕೂಡಿಸಿದರೆ ಬರುವ ಮೊತ್ತ ಬೇರೆ. ಎಲ್ಲರ ಮನೆಯಲ್ಲೂ ಗೀಸರ್, ಒಲೆ, ಚಾರ್ಜರ್ ಒಂದೇ ಕ್ಷಣಕ್ಕೆ ಓಡುವುದಿಲ್ಲ ಅಲ್ವಾ. ಮನೆಗಳು ಜಾಸ್ತಿಯಾದಷ್ಟೂ ತಲಾ ಪೀಕ್ ಇಳಿಯುತ್ತಾ ಹೋಗುತ್ತದೆ. ಇದಕ್ಕೆ ರುಸ್ಕ್ ಸೂತ್ರ ಅಂತ ಹಳೆಯದೊಂದು ಇದೆ, ಇವತ್ತಿಗೂ ಕೆಲಸಕ್ಕೆ ಬರುತ್ತದೆ: ಎಷ್ಟೇ ಮನೆ ಸೇರಿದರೂ ಕಡೆಗೆ ಉಳಿಯುವ ಪಾಲು ಒಂದು, ಅದಕ್ಕೆ ಮಿಕ್ಕ ಪಾಲನ್ನು ಮನೆಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ ಕೂಡಿಸಬೇಕು. ಉದಾಹರಣೆಗೆ ಕಡೆಗೆ ಉಳಿಯುವ ಪಾಲು 0.2 ಅಂತಿಟ್ಟುಕೊಳ್ಳಿ, ಒಂದು ಮನೆಯ ಸ್ವಂತ ಪೀಕ್ 10 ಕಿಲೋವ್ಯಾಟ್. 10,000 ಮನೆಯ ಸಬ್‌ಸ್ಟೇಷನ್ನಿನಲ್ಲಿ ಗುಣಕ (ಸ್ವಂತ ಪೀಕ್‌ನ ಎಷ್ಟು ಪಾಲು ಲೆಕ್ಕಕ್ಕೆ ಬರುತ್ತದೆ ಅನ್ನುವುದು) 0.208, ಅಂದರೆ ಮನೆಗೆ 2.08 ಕಿಲೋವ್ಯಾಟ್. 100 ಮನೆಯ ಟ್ರಾನ್ಸ್‌ಫಾರ್ಮರಿನಲ್ಲಿ 0.28, ಮನೆಗೆ 2.8. ಅದೇ ಟ್ರಾನ್ಸ್‌ಫಾರ್ಮರಿನಿಂದ ಹೊರಟ 16 ಮನೆಯ ಒಂದು ಲೈನಿನಲ್ಲಿ 0.4, ಮನೆಗೆ 4 ಕಿಲೋವ್ಯಾಟ್.

ಮನೆ ಅದೇ. ಸಬ್‌ಸ್ಟೇಷನ್ನಿನಿಂದ ಲೈನಿಗೆ ಬರುವಷ್ಟರಲ್ಲಿ ತಲಾ ಪೀಕ್ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ನಿಮ್ಮ ಮಾಡೆಲ್‌ನಲ್ಲಿ ಇರುವುದು 2.08, ರಸ್ತೆ ಕೆಳಗಿನ ಕೇಬಲ್ ಕಾಣುವುದು 4. ಹಾಗಾಗಿ ಯಾರಾದರೂ "ವಿತರಣಾ ಗ್ರಿಡ್ಡಿಗೆ ಕಿಲೋವ್ಯಾಟಿಗೆ ಇಷ್ಟು ಖರ್ಚು" ಅಂತ ಒಂದು ಸಂಖ್ಯೆ ಕೊಟ್ಟರೆ ಮೊದಲು ಕೇಳಬೇಕಾದದ್ದು, ಆ ಕಿಲೋವ್ಯಾಟನ್ನು ಎಲ್ಲಿ ಅಳೆದಿದ್ದು ಅಂತ. ಮೀಟರಿನಲ್ಲೋ, ಟ್ರಾನ್ಸ್‌ಫಾರ್ಮರಿನಲ್ಲೋ, ಸಬ್‌ಸ್ಟೇಷನ್ನಿನಲ್ಲೋ? ಇದನ್ನು ಕೇಳದೆ ತಗೊಂಡ ಸಂಖ್ಯೆಯಿಂದ ಲೆಕ್ಕ ಸುಲಭವಾಗಿ ಅರ್ಧವೋ ದುಪ್ಪಟ್ಟೋ ಆಗಿಬಿಡುತ್ತದೆ. ಸರಿಯಾದ ರೀತಿ ಅಂದರೆ ಎಲ್‌ಟಿ (ಮನೆಗೆ ಬರುವ ಕಡಿಮೆ ವೋಲ್ಟೇಜಿನ) ಲೈನು, ಟ್ರಾನ್ಸ್‌ಫಾರ್ಮರು, ಅದರ ಮೇಲಿನ ಎಚ್‌ಟಿ (ಹೆಚ್ಚು ವೋಲ್ಟೇಜಿನ) ಫೀಡರು, ಸಬ್‌ಸ್ಟೇಷನ್ನು, ಹೀಗೆ ಒಂದೊಂದು ಮಟ್ಟಕ್ಕೂ ಅದರದ್ದೇ ಗುಣಕ, ಅದರದ್ದೇ ಬೆಲೆ ಇಟ್ಟು, ಆಮೇಲೆ ಮಾಡೆಲ್‌ನ ಕಿಲೋವ್ಯಾಟಿಗೆ ತಂದು ಕೂಡಿಸುವುದು.

ಈ ಗುಣಕ ಎಲ್ಲಾ ಲೋಡಿಗೂ ಒಂದೇ ಅಂತ ಹಾಕಬೇಡಿ. ಅಡುಗೆ, ದೀಪ, ವಾಷಿಂಗ್ ಮೆಷಿನ್ನು ಚೆನ್ನಾಗಿ ಚದುರುತ್ತವೆ. ಹೀಟ್ ಪಂಪ್ ಅಷ್ಟು ಚದುರುವುದಿಲ್ಲ, ಚಳಿ ಎಲ್ಲರಿಗೂ ಒಟ್ಟಿಗೇ ಬರುತ್ತದೆ. ಸೋಲಾರ್ ಅಂತೂ ಚದುರುವುದೇ ಇಲ್ಲ ಅನ್ನಬಹುದು, ಒಂದೇ ಬೀದಿಯ ಚಾವಣಿಗಳ ಮೇಲೆ ಬಿಸಿಲು ಒಂದೇ ಹೊತ್ತಿಗೆ ಬೀಳುತ್ತದೆ, ಚಾವಣಿ ಮುಖ ಮಾಡಿದ ದಿಕ್ಕು ಬೇರೆ ಇದ್ದರೆ ಮಾತ್ರ ಸ್ವಲ್ಪ ವ್ಯತ್ಯಾಸ.

ಈಗ ಯುನಿಟ್ ಮತ್ತು ಕಿಲೋವ್ಯಾಟ್ ಜಗಳ. ಬಹಳ ಪ್ಲಾನ್‌ಗಳಲ್ಲಿ ಗ್ರಿಡ್ ಖರ್ಚನ್ನು ಯುನಿಟ್ಟಿಗೆ ಇಷ್ಟು ಅಂತ ಹಂಚಿರುತ್ತಾರೆ, ಕರೆಂಟ್ ಬಿಲ್ಲಿನಲ್ಲಿ ಹಾಗೆ ಇರುತ್ತದಲ್ಲ, ಅದನ್ನೇ ಎತ್ತಿ ಹಾಕಿರುತ್ತಾರೆ. ಇದು ಎಲ್ಲಿ ದಾರಿ ತಪ್ಪಿಸುತ್ತದೆ ಅಂತ ಒಂದು ಮನೆ ಹಿಡಿದು ನೋಡಿ. ವರ್ಷದ ಅತಿ ಚಳಿ ದಿನ ಆ ಮನೆಗೆ 9 ಕಿಲೋವ್ಯಾಟ್ ಶಾಖ ಬೇಕು. ಆ ಚಳಿಯಲ್ಲಿ ಹೀಟ್ ಪಂಪಿನ ದಕ್ಷತೆ ಇಳಿದು ಒಂದು ಪಾಲು ಕರೆಂಟಿಗೆ ಎರಡು ಪಾಲು ಶಾಖ ಅನ್ನುವಷ್ಟಾಗಿದೆ ಅಂತಿಟ್ಟುಕೊಳ್ಳಿ. ಪೂರ್ತಿ 9 ಕಿಲೋವ್ಯಾಟ್ ಶಾಖ ಕೊಡುವ ದೊಡ್ಡ ಪಂಪ್ ಹಾಕಿದರೆ ಕರೆಂಟ್ 4.5 ಕಿಲೋವ್ಯಾಟ್. ಪಂಪ್ ಚಿಕ್ಕದು ಹಾಕಿ, 6 ಪಂಪಿನಿಂದ, ಮಿಕ್ಕ 3 ಒಳಗಿರುವ ಹೀಟಿಂಗ್ ಕಾಯಿಲಿನಿಂದ ಅಂದರೆ ಕರೆಂಟ್ 3 ಮತ್ತು 3, ಒಟ್ಟು 6 ಕಿಲೋವ್ಯಾಟ್. ಆ ಕಾಯಿಲ್ ವರ್ಷದಲ್ಲಿ ಓಡುವುದು ಕೆಲವೇ ಗಂಟೆ. ಯುನಿಟ್ ಲೆಕ್ಕದಲ್ಲಿ ಅದು ಲೆಕ್ಕಕ್ಕೇ ಇಲ್ಲ, ಹಾಗಾಗಿ ಮಾಡೆಲ್ ಖುಷಿಯಾಗಿ ಚಿಕ್ಕ ಪಂಪನ್ನೇ ಆರಿಸುತ್ತದೆ. ಆದರೆ ಕೇಬಲ್ ಹೊರಬೇಕಾದದ್ದು ಆ ಕೆಲವೇ ಗಂಟೆಯ 6 ಕಿಲೋವ್ಯಾಟ್. ಇದೇ ಮನೆಗೆ ಇನ್ಸುಲೇಶನ್ ಮಾಡಿಸಿ ಶಾಖದ ಬೇಡಿಕೆ 6ಕ್ಕೆ ಇಳಿದರೆ ಅದೇ ಚಿಕ್ಕ ಪಂಪ್ ಸಾಕು, ಕರೆಂಟ್ 3 ಕಿಲೋವ್ಯಾಟ್. ಆರು, ನಾಲ್ಕೂವರೆ, ಮೂರು. ಇನ್ಸುಲೇಶನ್ ಉಳಿಸುವ ಯುನಿಟ್‌ಗಳು ಮಾಡೆಲ್‌ಗೆ ಹೇಗೂ ಕಾಣುತ್ತವೆ, ಅದು ಅರ್ಧಕ್ಕೆ ಇಳಿಸುವ ಪೀಕ್ ಕಾಣಬೇಕಾದರೆ ಗ್ರಿಡ್ಡಿಗೆ ಕಿಲೋವ್ಯಾಟ್ ಬೆಲೆ ಇರಲೇಬೇಕು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗ್ರಾಹಕರು ಕಟ್ಟುವ ನೆಟ್‌ವರ್ಕ್ ಶುಲ್ಕವನ್ನು ಸಿಸ್ಟಮ್ ಖರ್ಚು ಅಂತ ಹಾಕಬೇಡಿ. ಆ ಶುಲ್ಕದಲ್ಲಿ ಹಿಂದೆ ಯಾವಾಗಲೋ ಹಾಕಿದ ಲೈನುಗಳ ಖರ್ಚೇ ಜಾಸ್ತಿ ಇರುತ್ತದೆ. ಅದು ಆಗಿಹೋದ ಖರ್ಚು, ನೀವು ಹೀಟ್ ಪಂಪ್ ಹಾಕಿದರೂ ಇದೆ, ಬಿಟ್ಟರೂ ಇದೆ. ಪ್ಲಾನ್‌ಗೆ ಬೇಕಾದದ್ದು ಹೊಸದಾಗಿ ಹುಟ್ಟುವ ಖರ್ಚು ಮಾತ್ರ. ಶುಲ್ಕವನ್ನೂ ಹಾಕಿ ಅದರ ಮೇಲೆ ವಿಸ್ತರಣೆ ಖರ್ಚನ್ನೂ ಹಾಕಿದರೆ ಒಂದೇ ಖರ್ಚಿನ ಒಂದು ಭಾಗ ಎರಡು ಸಲ ಬಂದಂತೆ. ಯಾರು ಕಟ್ಟಬೇಕು ಅನ್ನುವುದು ಬೇರೆ ಪ್ರಶ್ನೆ, ಅದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಬ್ರಿಟನ್ನಿನಲ್ಲಿ 2023ರ ಏಪ್ರಿಲ್‌ನಿಂದ ಹೊಸ ಸಂಪರ್ಕ ಪಡೆಯುವವರ ಮೇಲೆ ಬೀಳುತ್ತಿದ್ದ ಗ್ರಿಡ್ ಬಲಪಡಿಸುವ ಖರ್ಚಿನ ಬಹುಪಾಲನ್ನು ಎಲ್ಲಾ ಗ್ರಾಹಕರ ಮೇಲೆ ಹಂಚುವ ಹಾಗೆ ನಿಯಮ ಬದಲಾಯಿಸಿದರು. ಅದರಿಂದ ಯಾರ ಜೇಬು ಅನ್ನುವುದು ಬದಲಾಯಿತು. ಕೇಬಲ್ಲಿನ ಖರ್ಚು ಅಷ್ಟೇ ಇದೆ.

ಸರಿ, ಈಗಿರುವ ಗ್ರಿಡ್ ಎಷ್ಟು ತಡೆಯುತ್ತದೆ? "ಟ್ರಾನ್ಸ್‌ಫಾರ್ಮರಿನ ಮೇಲೆ ಬರೆದಿರುವ ಕೆ.ವಿ.ಎ. (ಅದು ಹೊರುವ ಸಾಮರ್ಥ್ಯ) ನೋಡಿದರೆ ಆಯ್ತಲ್ಲ" ಅಂತ ಅನ್ನಿಸುತ್ತದೆ. ಸಾಲದು. ಮಿತಿ ಎರಡು ತರಹದ್ದು: ಬಿಸಿಯಾಗುವುದು ಒಂದು, ವೋಲ್ಟೇಜ್ ಇನ್ನೊಂದು. 400 ವೋಲ್ಟಿನ ಮೂರು ಫೇಸ್ ಲೈನು, 150 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಕೇಬಲ್ಲು, ಉದ್ದ 500 ಮೀಟರ್ ಅಂತ ತಗೊಳ್ಳಿ. ರೆಸಿಸ್ಟೆನ್ಸ್ ಕಿಲೋಮೀಟರಿಗೆ ಸುಮಾರು 0.2 ಓಮ್, ಅಂದರೆ ಇಲ್ಲಿ 0.1. ತುದಿಯಲ್ಲಿ 100 ಕಿಲೋವ್ಯಾಟ್ ಲೋಡ್ ಇಡಿ. ಕರೆಂಟ್ ಸುಮಾರು 144 ಆಂಪ್ಸ್. ನೆಲದಲ್ಲಿ ಹೂತ ಇಂಥ ಕೇಬಲ್ 250ಕ್ಕಿಂತ ಜಾಸ್ತಿ ಆಂಪ್ಸ್ ತಡೆಯುತ್ತದೆ, ಹಾಗಾಗಿ ಬಿಸಿಯ ಲೆಕ್ಕದಲ್ಲಿ ಇನ್ನೂ ಅರ್ಧದಷ್ಟು ಜಾಗ ಖಾಲಿ. ವೋಲ್ಟೇಜ್ ನೋಡಿ: 0.1 ಓಮನ್ನು 1,00,000 ವ್ಯಾಟಿನಿಂದ ಗುಣಿಸಿ 400ರಿಂದ ಭಾಗಿಸಿದರೆ 25 ವೋಲ್ಟ್ ಇಳಿಕೆ, ಶೇ. 6.25. ಯುರೋಪಿನ ಇಎನ್ 50160 ಮಾನದಂಡ ಮನೆಯ ವೋಲ್ಟೇಜಿಗೆ ಶೇ. 10 ಮೇಲೆ, ಶೇ. 10 ಕೆಳಗೆ ಅವಕಾಶ ಕೊಡುತ್ತದೆ ನಿಜ, ಆದರೆ ಆ ಹತ್ತರಲ್ಲಿ ಎಚ್‌ಟಿ ಲೈನಿಗೂ ಟ್ರಾನ್ಸ್‌ಫಾರ್ಮರಿಗೂ ಪಾಲು ಹೋಗಬೇಕು. ಅಂದರೆ ಕೇಬಲ್ ಅರ್ಧ ಖಾಲಿ ಇದ್ದರೂ ಲೈನಿನ ಅವಕಾಶ ಹತ್ತಿರಹತ್ತಿರ ಮುಗಿದಿದೆ. ಅದೇ ಕೇಬಲ್ 100 ಮೀಟರ್ ಮಾತ್ರ ಇದ್ದಿದ್ದರೆ 200 ಕಿಲೋವ್ಯಾಟ್ ಹಾಕಿದರೂ ವೋಲ್ಟೇಜ್ ಇಳಿಯುವುದು ಶೇ. 2.5, ಅಲ್ಲಿ ಮೊದಲು ಅಡ್ಡ ಬರುವುದು ಬಿಸಿ.

ಇದರಿಂದ ಪ್ಲಾನ್‌ಗೆ ಏನು ಸಿಗುತ್ತದೆ ಅಂದರೆ, ಮನೆಗಳು ದೂರದೂರ ಇರುವ ಕಡೆ ಸಾಮಾನ್ಯವಾಗಿ ವೋಲ್ಟೇಜಿನ ಸಮಸ್ಯೆ, ಒತ್ತಾಗಿರುವ ಕಡೆ ಬಿಸಿಯ ಸಮಸ್ಯೆ. ಔಷಧಿಯೂ ಬೇರೆಬೇರೆ. ವೋಲ್ಟೇಜ್ ಸಮಸ್ಯೆಗೆ ಲೋಡ್ ಇರುವಾಗಲೇ ಟ್ಯಾಪ್ ಬದಲಾಯಿಸಿ ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್ ಹಾಕಬಹುದು, ಸೋಲಾರ್ ಇನ್ವರ್ಟರಿನಿಂದ ವೋಲ್ಟೇಜ್ ಹಿಡಿದಿಡಲು ನೆರವಾಗುವ ರಿಯಾಕ್ಟಿವ್ ಪವರ್ ತೆಗೆದುಕೊಳ್ಳಬಹುದು, ರಸ್ತೆ ಅಗೆಯದೆ ಎಷ್ಟೋ ವರ್ಷ ಮುಂದೂಡಬಹುದು. ಬಿಸಿಯ ಸಮಸ್ಯೆಗೆ ಇವು ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಇಡೀ ಪ್ರದೇಶಕ್ಕೆ ಒಂದೇ ಬೆಲೆ ಇಡುವ ಬದಲು ಕಡೇ ಪಕ್ಷ ಮೂರು ನಾಲ್ಕು ಬಗೆ ಮಾಡಿ: ಚದುರಿದ ಹಳ್ಳಿ, ಸಣ್ಣ ಪಟ್ಟಣ, ಬಡಾವಣೆ, ಒತ್ತಾದ ನಗರ. ಪ್ರತಿ ಬಗೆಗೂ ಅದರ ಖಾಲಿ ಸಾಮರ್ಥ್ಯ, ಅದರ ಬೆಲೆ.

ಬೆಲೆಯ ವಕ್ರರೇಖೆ ಕಟ್ಟುವ ಕೆಲಸ ನನಗೆ ಇದರಲ್ಲೆಲ್ಲ ಅತಿ ಮುಖ್ಯ ಅನ್ನಿಸುತ್ತದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಂದು ಟ್ರಾನ್ಸ್‌ಫಾರ್ಮರನ್ನು ನೋಡಿದರೆ ಖರ್ಚು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 250 ಕೆ.ವಿ.ಎ. ಸಾಲದಿದ್ದರೆ 400, ಅದೂ ಸಾಲದಿದ್ದರೆ 630, ಹೀಗೆ ನಿಗದಿತ ಸೈಜುಗಳಲ್ಲೇ ಸಿಗುತ್ತದೆ. ಕೇಬಲ್ಲಿನಲ್ಲಂತೂ ವಸ್ತುವಿಗಿಂತ ರಸ್ತೆ ಅಗೆದು ಮುಚ್ಚುವುದಕ್ಕೇ ಜಾಸ್ತಿ ಹೋಗುವುದು ಸಾಮಾನ್ಯ, ಆದ್ದರಿಂದ ಅಗೆದ ಮೇಲೆ ಒಂದು ಸೈಜು ದೊಡ್ಡದೇ ಹಾಕುವುದು ಬುದ್ಧಿವಂತಿಕೆ. ಇಂಥ ಮೆಟ್ಟಿಲುಗಳನ್ನು ಲೀನಿಯರ್ ಮಾಡೆಲ್ (ಎಲ್ಲವನ್ನೂ ನೇರ ಗೆರೆಯಲ್ಲಿ ಲೆಕ್ಕ ಹಾಕುವ ಮಾಡೆಲ್) ಒಳಗೆ ಇಡೋಕಾಗಲ್ಲ, ಪೂರ್ಣಾಂಕದ ವೇರಿಯಬಲ್ ಬೇಕು, ಮಾಡೆಲ್ ನಿಧಾನ ಆಗುತ್ತದೆ. ಆದರೆ ಸಾವಿರಾರು ಟ್ರಾನ್ಸ್‌ಫಾರ್ಮರುಗಳನ್ನು ಒಟ್ಟಿಗೆ ನೋಡಿದಾಗ ಒಂದೊಂದೂ ಒಂದೊಂದು ಹೊತ್ತಿಗೆ ಮಿತಿ ಮುಟ್ಟುತ್ತದೆ, ಮೆಟ್ಟಿಲುಗಳು ಒಂದರೊಳಗೊಂದು ಸೇರಿ ನಯವಾದ ಗೆರೆ ಆಗುತ್ತವೆ.

ಆ ಗೆರೆಯನ್ನು ಹೀಗೆ ಕಟ್ಟಿ. ಪ್ರತಿ ಬಗೆಯಿಂದಲೂ ಒಂದಷ್ಟು ನಿಜವಾದ ನೆಟ್‌ವರ್ಕ್‌ಗಳನ್ನು ಆರಿಸಿ. ನಿಜವಾದದ್ದು ಸಿಗದಿದ್ದರೆ ಜರ್ಮನಿಯ ಸಿಮ್‌ಬೆಂಚ್ ತರಹದ ಮುಕ್ತ ಮಾದರಿ ನೆಟ್‌ವರ್ಕ್‌ಗಳಿವೆ, ಅವನ್ನು ನಿಮ್ಮ ಕಡೆಯ ವೋಲ್ಟೇಜ್ ಮಟ್ಟ, ಲೈನಿನ ಉದ್ದಕ್ಕೆ ಹೊಂದಿಸಿಕೊಳ್ಳಿ. ಮನೆಗೆ ಪೀಕ್ 0.5 ಕಿಲೋವ್ಯಾಟ್ ಜಾಸ್ತಿಯಾದರೆ ಏನಾಗುತ್ತದೆ ಅಂತ ಪವರ್ ಫ್ಲೋ (ಪ್ರತಿ ಲೈನಿನ ಕರೆಂಟ್, ವೋಲ್ಟೇಜ್ ಲೆಕ್ಕ) ಓಡಿಸಿ. ಅದಕ್ಕೆ ಪಾಂಡಾಪವರ್ ಅನ್ನುವ ಸಾಫ್ಟ್‌ವೇರ್ ಸಾಕು, ಉಚಿತ. ಎಲ್ಲೆಲ್ಲಿ ಮಿತಿ ಮೀರಿತೋ ಅಲ್ಲಿ ಎಂಜಿನಿಯರ್ ಏನು ಮಾಡುತ್ತಿದ್ದರೋ ಅದನ್ನೇ ಮಾಡಿ, ಅದರ ಖರ್ಚು ಬರೆದಿಡಿ. ಆಮೇಲೆ 1 ಕಿಲೋವ್ಯಾಟ್, 1.5, 2, ಹೀಗೆ. ಬಂದ ಬಿಂದುಗಳನ್ನು ಸೇರಿಸಿದರೆ ಸಿಗುವುದು ಮೊದಲು ಚಪ್ಪಟೆ, ಆಮೇಲೆ ನಿಧಾನವಾಗಿ ಕಡಿದಾಗುವ ಗೆರೆ. ಚಪ್ಪಟೆ ಭಾಗವೇ ನಿಮ್ಮ ಖಾಲಿ ಸಾಮರ್ಥ್ಯ. ಈ ಗೆರೆ ಏರುತ್ತಾ ಹೋದಂತೆ ಕಡಿದಾಗುವವರೆಗೂ ಲೀನಿಯರ್ ಮಾಡೆಲ್‌ಗೆ ತೊಂದರೆ ಇಲ್ಲ, ಎರಡು ಮೂರು ತುಂಡುಗಳಾಗಿ ಒಡೆದು ಕೊಡಿ, ಅಗ್ಗದ ತುಂಡನ್ನು ಅದು ತಾನಾಗೇ ಮೊದಲು ಬಳಸುತ್ತದೆ. ತುಂಬಾ ದೂರ ಹೋದ ಮೇಲೆ ಗೆರೆ ಮತ್ತೆ ಚಪ್ಪಟೆಯಾಗಬಹುದು, ದೊಡ್ಡ ಕೇಬಲ್ ಒಮ್ಮೆ ಹಾಕಿಯಾಗಿದೆಯಲ್ಲ. ಆ ಭಾಗಕ್ಕೆ ಒಂದೇ ಸರಾಸರಿ ಇಳಿಜಾರು ಕೊಟ್ಟು ಮುಂದೆ ಹೋಗಿ.

ಖರ್ಚು ಬರೆಯುವಾಗ ವಯಸ್ಸನ್ನು ಮರೆಯಬೇಡಿ. ಟ್ರಾನ್ಸ್‌ಫಾರ್ಮರಿನ ಆಯಸ್ಸು ಲೆಕ್ಕಕ್ಕೆ 40 ವರ್ಷ ಅಂತ ಹಿಡಿಯುತ್ತಾರೆ. ಹತ್ತು ವರ್ಷದ ನಂತರ ಹೇಗೂ ಬದಲಾಯಿಸಬೇಕಾಗಿದ್ದ ಟ್ರಾನ್ಸ್‌ಫಾರ್ಮರನ್ನು ಇವತ್ತೇ ಬದಲಾಯಿಸಿದರೆ ಪ್ಲಾನ್ ಮೇಲೆ ಪೂರ್ತಿ ಬೆಲೆ ಹಾಕುವುದು ಅನ್ಯಾಯ. ಬೆಲೆ 100, ಬಡ್ಡಿ ಶೇ. 5 ಅಂದರೆ ಹತ್ತು ವರ್ಷದ ನಂತರದ 100ಕ್ಕೆ ಇವತ್ತಿನ ಬೆಲೆ 61. ಹಾಗಾಗಿ ಪ್ಲಾನ್‌ನಿಂದ ಹೊಸದಾಗಿ ಹುಟ್ಟಿದ್ದು ಸುಮಾರು 39, ಜೊತೆಗೆ ದೊಡ್ಡ ಸೈಜಿಗೆ ಹೋಗುವ ವ್ಯತ್ಯಾಸ. ಹಳೆಯ ಗ್ರಿಡ್ ಇರುವ ಕಡೆ ಇದೊಂದರಿಂದಲೇ ಲೆಕ್ಕ ಬಹಳ ಕೆಳಗೆ ಬರುತ್ತದೆ. ಕಂಪನಿಯ ಬದಲಾವಣೆ ಪಟ್ಟಿಯನ್ನು ನೋಡದೆ ವಿಸ್ತರಣೆ ಖರ್ಚು ಹೇಳುವ ವರದಿಗಳನ್ನು ನಾನು ನಂಬುವುದು ಕಷ್ಟ.

ಒಟ್ಟು ಹೂಡಿಕೆಯನ್ನು ವಾರ್ಷಿಕ ಕಂತಿಗೆ ತರುವಾಗ ಮಾಡೆಲ್‌ನಲ್ಲಿ ಮಿಕ್ಕೆಲ್ಲದಕ್ಕೂ ಬಳಸಿದ ಬಡ್ಡಿಯನ್ನೇ ಬಳಸಿ. 40 ವರ್ಷಕ್ಕೆ ಶೇ. 5ರಲ್ಲಿ ಪ್ರತಿ 100ಕ್ಕೆ ವರ್ಷಕ್ಕೆ 5.8 ಬೀಳುತ್ತದೆ, ಶೇ. 8ರಲ್ಲಿ 8.4. ಇಷ್ಟು ದೊಡ್ಡ ವ್ಯತ್ಯಾಸ ಬಡ್ಡಿಯೊಂದರಿಂದಲೇ. ಸೋಲಾರಿಗೆ ಒಂದು ಬಡ್ಡಿ, ಗ್ರಿಡ್ಡಿಗೆ ಇನ್ನೊಂದು ಅಂತ ಕಾರಣ ಇಲ್ಲದೆ ಇಟ್ಟರೆ ಮಾಡೆಲ್‌ನ ಆಯ್ಕೆ ಆ ಕಡೆಗೋ ಈ ಕಡೆಗೋ ವಾಲುತ್ತದೆ.

ಈಗ ಮಾಡೆಲ್ ಒಳಗೆ ಇಡುವುದು. ಪ್ರತಿ ಬಗೆಗೂ ಒಂದು ಸಾಮರ್ಥ್ಯದ ವೇರಿಯಬಲ್. ಪ್ರತಿ ಗಂಟೆಯೂ ಮನೆಗಳ ಕಡೆಗೆ ಇಳಿಯುವ ನಿವ್ವಳ ಕರೆಂಟ್, ಗುಣಕ ಸೇರಿಸಿ, ಆ ಸಾಮರ್ಥ್ಯ ದಾಟಬಾರದು. ಮೇಲಕ್ಕೆ ಹೋಗುವ ನಿವ್ವಳವೂ ದಾಟಬಾರದು. ಎರಡನ್ನೂ ಕೂಡಿಸಬೇಡಿ, ಯಾವುದು ದೊಡ್ಡದೋ ಅದು ಮಾತ್ರ ಲೆಕ್ಕ. ಸಂಜೆ ಲೋಡಿಗೆ ಅಂತ ದೊಡ್ಡದು ಮಾಡಿದ ಕೇಬಲ್ ಮಧ್ಯಾಹ್ನದ ಸೋಲಾರನ್ನೂ ಹೊರುತ್ತದೆ. ಬೇರೆಬೇರೆ ಖರ್ಚು ಹಾಕಿ ಕೂಡಿಸಿದ ಪ್ಲಾನ್‌ಗಳು ಹೀಟ್ ಪಂಪ್ ಮತ್ತು ಸೋಲಾರ್ ಎರಡೂ ಇರುವ ಕಡೆ ಸುಮ್ನೆ ಜಾಸ್ತಿ ಖರ್ಚು ತೋರಿಸುತ್ತವೆ.

ಇಲ್ಲೇ ಒಂದು ಮಾತು ಪದೇಪದೇ ಕೇಳಿಬರುತ್ತದೆ: "ಚಾವಣಿ ಸೋಲಾರ್ ಅಲ್ಲೇ ತಯಾರಾಗಿ ಅಲ್ಲೇ ಖರ್ಚಾಗುತ್ತದೆ, ಗ್ರಿಡ್ ಉಳಿಯುತ್ತದೆ." ಪೀಕ್ ಯಾವಾಗ ಬರುತ್ತದೆ ಅನ್ನುವುದರ ಮೇಲೆ ನಿಂತಿದೆ ಇದು. ಬಿಸಿಲಿಗೆ ಏಸಿ ಓಡಿ ಮಧ್ಯಾಹ್ನ ಪೀಕ್ ಬರುವ ಕಡೆ ನಿಜ, ಸೋಲಾರ್ ಟ್ರಾನ್ಸ್‌ಫಾರ್ಮರಿಗೆ ಉಸಿರು ಕೊಡುತ್ತದೆ. ಚಳಿಗಾಲದ ಸಂಜೆ ಕತ್ತಲಾದ ಮೇಲೆ ಪೀಕ್ ಬರುವ ಕಡೆ ಸೋಲಾರಿನಿಂದ ಒಂದು ಕಿಲೋವ್ಯಾಟೂ ಇಳಿಯುವುದಿಲ್ಲ. ಸಾಮರ್ಥ್ಯವನ್ನು ಗಂಟೆಗಂಟೆಯ ನಿವ್ವಳಕ್ಕೆ ಕಟ್ಟಿದ್ದರೆ ಮಾಡೆಲ್ ಇದನ್ನು ತಾನೇ ಕಂಡುಕೊಳ್ಳುತ್ತದೆ, ನೀವು ಯಾರ ಪರವಾಗಿಯೂ ವಾದ ಮಾಡಬೇಕಿಲ್ಲ.

ಇನ್ನು ಎಲೆಕ್ಟ್ರಿಕ್ ಕಾರು. ಲೋಕಲ್ ಗ್ರಿಡ್ ಇಲ್ಲದ ಮಾಡೆಲ್ ಅತಿ ದೊಡ್ಡ ತಪ್ಪು ಮಾಡುವುದು ಇಲ್ಲಿ. ಗಾಳಿ ಜಾಸ್ತಿ ಬೀಸಿ ಕರೆಂಟ್ ಅಗ್ಗ ಆದ ಗಂಟೆ ಸಿಕ್ಕಿತು ಅಂದರೆ ಮಾಡೆಲ್ ಎಲ್ಲಾ ಕಾರನ್ನೂ ಆ ಗಂಟೆಯಲ್ಲೇ ಚಾರ್ಜ್ ಮಾಡಿಬಿಡುತ್ತದೆ. 100 ಮನೆ, 100 ಕಾರು, 11 ಕಿಲೋವ್ಯಾಟಿನ ಚಾರ್ಜರ್: ಒಂದೇ ಹೊತ್ತಿಗೆ 1,100 ಕಿಲೋವ್ಯಾಟ್, ಅಲ್ಲಿ ನಿಂತಿರುವುದು 400 ಕೆ.ವಿ.ಎ. ಟ್ರಾನ್ಸ್‌ಫಾರ್ಮರು. ಅದೇ ಕಾರುಗಳು ದಿನಕ್ಕೆ ತಲಾ 35 ಕಿಲೋಮೀಟರ್ ಓಡಿ, ಕಿಲೋಮೀಟರಿಗೆ 0.18 ಯುನಿಟ್ ತಗೊಂಡರೆ ಎಲ್ಲಾ ಸೇರಿ ಬೇಕಾಗುವುದು 630 ಯುನಿಟ್. ರಾತ್ರಿ 8 ಗಂಟೆಗೆ ಹಂಚಿದರೆ 80 ಕಿಲೋವ್ಯಾಟ್ ಕೂಡ ಆಗುವುದಿಲ್ಲ. ಸಾವಿರದ ನೂರಕ್ಕೂ ಎಂಬತ್ತಕ್ಕೂ ಇರುವ ಅಂತರ ನೋಡಿ. ಅನಿಯಂತ್ರಿತ ಚಾರ್ಜಿಂಗಿನಲ್ಲಿ ಜನ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಮನೆಗೆ ಬರುವುದರಿಂದ ಎಷ್ಟೋ ಚದುರುತ್ತದೆ. ಬೆಲೆ ನೋಡಿ ಚಾರ್ಜ್ ಮಾಡುವ ವ್ಯವಸ್ಥೆ ಬಂದ ಮೇಲೆ ಆ ಚದುರುವಿಕೆಯೇ ಹೋಗುತ್ತದೆ. ಲೋಕಲ್ ಸಾಮರ್ಥ್ಯದ ಮಿತಿ ಇಲ್ಲದ ಮಾಡೆಲ್ ಈ ಹೊಂದಾಣಿಕೆಗೆ ಲಾಭವನ್ನು ಮಾತ್ರ ಬರೆಯುತ್ತದೆ, ಖರ್ಚನ್ನು ಬರೆಯುವುದಿಲ್ಲ.

ಮಿತಿ ಇಟ್ಟ ಮೇಲೆ ಮಾಡೆಲ್‌ಗೆ ಅದನ್ನು ನಿಭಾಯಿಸುವ ದಾರಿಗಳನ್ನೂ ಕೊಡಿ, ಇಲ್ಲದಿದ್ದರೆ ಪ್ರತಿ ಸಮಸ್ಯೆಗೂ ತಾಮ್ರ ಅಲ್ಯೂಮಿನಿಯಮ್ಮೇ ಉತ್ತರ ಆಗುತ್ತದೆ. ಮನೆ ಕಡೆಯ ಬ್ಯಾಟರಿ, ಬಿಸಿನೀರಿನ ಟ್ಯಾಂಕ್, ಚಾರ್ಜಿಂಗ್ ತಗ್ಗಿಸುವುದು, ಸೋಲಾರಿನ ಪೀಕ್ ಕತ್ತರಿಸುವುದು. ಕೊನೆಯದು ತುಂಬಾ ಅಗ್ಗ, ಯಾಕೆಂದರೆ ಸೋಲಾರ್ ಪೂರ್ತಿ ಸಾಮರ್ಥ್ಯದ ಹತ್ತಿರ ಉತ್ಪಾದಿಸುವ ಗಂಟೆಗಳು ವರ್ಷದಲ್ಲಿ ಕಡಿಮೆ. ಜರ್ಮನಿಯಲ್ಲಿ 2016ರಿಂದ ಗ್ರಿಡ್ ಕಂಪನಿಗಳು ಪ್ಲಾನ್ ಮಾಡುವಾಗ ನೆಲದ ಮೇಲಿನ ಪ್ರತಿ ಗಾಳಿ ಘಟಕ, ಸೋಲಾರ್ ಘಟಕದ ವಾರ್ಷಿಕ ಯುನಿಟ್‌ಗಳಲ್ಲಿ ಶೇ. 3ರವರೆಗೆ ಕತ್ತರಿಸಬಹುದು ಅಂತ ಲೆಕ್ಕಕ್ಕೆ ತಗೊಳ್ಳಲು ಕಾನೂನೇ ಅವಕಾಶ ಕೊಟ್ಟಿದೆ. ಲೋಡ್ ಕಡೆಗೂ ಹಾಗೇ, 2024ರ ಜನವರಿಯಿಂದ ಅಲ್ಲಿ ಹೊಸ ಹೀಟ್ ಪಂಪ್, ಮನೆ ಚಾರ್ಜರ್‌ಗಳನ್ನು ಗ್ರಿಡ್ ಮೇಲೆ ಒತ್ತಡ ಬಂದಾಗ ತಾತ್ಕಾಲಿಕವಾಗಿ ತಗ್ಗಿಸಬಹುದು, ಆದರೆ ಒಂದು ಉಪಕರಣಕ್ಕೆ 4.2 ಕಿಲೋವ್ಯಾಟ್ ಕಡೇ ಪಕ್ಷ ಸಿಗಲೇಬೇಕು, ಬದಲಿಗೆ ಗ್ರಾಹಕರಿಗೆ ನೆಟ್‌ವರ್ಕ್ ಶುಲ್ಕದಲ್ಲಿ ರಿಯಾಯಿತಿ. ನಿಮ್ಮ ಪ್ರದೇಶದಲ್ಲಿ ಇಂಥ ನಿಯಮ ಇದ್ದರೆ ಅದನ್ನೇ ಮಾಡೆಲ್‌ಗೆ ಕೊಡಿ. ಇಲ್ಲದಿದ್ದರೆ ಇದ್ದಾಗ ಮತ್ತು ಇಲ್ಲದಾಗ ಎರಡೂ ಓಡಿಸಿ, ಆ ವ್ಯತ್ಯಾಸವೇ ನಿಯಮ ಮಾಡುವವರ ಮುಂದೆ ಇಡಲು ಒಳ್ಳೆಯ ಸಂಖ್ಯೆ.

ಸಮಯದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮಾಡೆಲ್ ವೇಗ ಆಗಲಿ ಅಂತ ವರ್ಷವನ್ನು ಹತ್ತಾರು ಮಾದರಿ ದಿನಗಳಿಗೆ ಇಳಿಸಿರುತ್ತಾರೆ. ಸರಾಸರಿ ಮಾಡಿದ ದಿನದಲ್ಲಿ ಪೀಕ್ ಕರಗಿಹೋಗಿರುತ್ತದೆ. ಅತಿ ಚಳಿಯ ವಾರ, ಅತಿ ಬಿಸಿಲಿನ ಕಡಿಮೆ ಲೋಡಿನ ದಿನ, ಇವನ್ನು ಬೇರೆಯಾಗಿ ಸೇರಿಸಲೇಬೇಕು, ಇಲ್ಲದಿದ್ದರೆ ಮೇಲೆ ಹೇಳಿದ ಎಲ್ಲಾ ಕಷ್ಟ ದಂಡ. ಹವಾಮಾನದ ಒಂದೇ ವರ್ಷ ತಗೊಂಡು ಪೀಕ್ ನಿರ್ಧರಿಸುವುದೂ ಬೇಡ.

ಸರಾಸರಿಯ ಇನ್ನೊಂದು ಮೋಸ ಜಾಗದ್ದು. ಒಂದು ಟ್ರಾನ್ಸ್‌ಫಾರ್ಮರ್ ಶೇ. 30ರಷ್ಟು ಮನೆಗಳಲ್ಲಿ ಕಾರು ಬರುವವರೆಗೆ ತಡೆಯುತ್ತದೆ ಅಂತಿಟ್ಟುಕೊಳ್ಳಿ. ಪ್ರದೇಶದ ಸರಾಸರಿ ಶೇ. 20. ಲೆಕ್ಕದ ಪ್ರಕಾರ ಒಂದನ್ನೂ ಬದಲಾಯಿಸಬೇಕಿಲ್ಲ. ಆದರೆ 100 ಟ್ರಾನ್ಸ್‌ಫಾರ್ಮರುಗಳಲ್ಲಿ ಅನುಕೂಲಸ್ಥರಿರುವ 20ರಲ್ಲಿ ಶೇ. 60, ಮಿಕ್ಕ 80ರಲ್ಲಿ ಶೇ. 10 ಆಗಿದ್ದರೂ ಸರಾಸರಿ ಅದೇ 20. ಈಗ ಇಪ್ಪತ್ತನ್ನು ಬದಲಾಯಿಸಬೇಕು. ಕಾರು, ಸೋಲಾರ್ ಯಾವತ್ತೂ ಸಮವಾಗಿ ಹರಡುವುದಿಲ್ಲ, ಪಕ್ಕದ ಮನೆಯವರು ಹಾಕಿಸಿದ್ದು ನೋಡಿ ಇವರೂ ಹಾಕಿಸುತ್ತಾರೆ. ಬೆಲೆಯ ಗೆರೆ ಕಟ್ಟುವಾಗಲೇ ಹೊಸ ಲೋಡನ್ನು ಹೀಗೆ ಗುಂಪುಗುಂಪಾಗಿ ಹಂಚಿ, ಬೇರೆಬೇರೆ ಹಂಚಿಕೆ ಹಾಕಿ ಹಲವು ಸಲ ಓಡಿಸಿ ಸರಾಸರಿ ಖರ್ಚು ತೆಗೆಯಿರಿ. ಖಾಲಿ ಸಾಮರ್ಥ್ಯದ ಚಪ್ಪಟೆ ಭಾಗ ಆಗ ಬಹಳ ಕಿರಿದಾಗುತ್ತದೆ, ನಿಮ್ಮ ಎಂಜಿನಿಯರುಗಳು ಹೇಳುತ್ತಿರುವುದು ಇದನ್ನೇ ಅಂತ ನನ್ನ ಅಂದಾಜು.

ಮಾಡೆಲ್ ಉತ್ತರ ಕೊಟ್ಟ ಮೇಲೆ ಅದನ್ನು ತಿರುಗಿ ಮಾದರಿ ನೆಟ್‌ವರ್ಕ್‌ಗಳಿಗೆ ಇಳಿಸಿ ಪವರ್ ಫ್ಲೋ ಮಾಡಿ ನೋಡಿ. ಮಾಡೆಲ್ ಹೇಳಿದ ಖರ್ಚಿಗೂ ಇಲ್ಲಿ ಬಂದ ಖರ್ಚಿಗೂ ತುಂಬಾ ಅಂತರ ಇದ್ದರೆ ಗುಣಕವನ್ನೋ ಗೆರೆಯನ್ನೋ ಸರಿಪಡಿಸಿ ಮತ್ತೆ ಓಡಿಸಿ. ಲಾಸನ್ನೂ (ಲೈನಿನಲ್ಲೇ ಬಿಸಿಯಾಗಿ ಪೋಲಾಗುವ ಕರೆಂಟನ್ನೂ) ಇಲ್ಲೇ ತಿದ್ದಿಕೊಳ್ಳಿ: ಮೇಲಿನ 500 ಮೀಟರ್ ಲೈನಿನಲ್ಲಿ 100 ಕಿಲೋವ್ಯಾಟ್ ಇದ್ದಾಗ ಲಾಸ್ 6.25 ಕಿಲೋವ್ಯಾಟ್, ಲೋಡ್ ಎರಡು ಪಟ್ಟಾದರೆ ನಾಲ್ಕು ಪಟ್ಟು, ಅಂದರೆ 25. ವರ್ಷಪೂರ್ತಿ ಒಂದೇ ಶೇಕಡಾ ಲಾಸ್ ಹಾಕಿದ ಮಾಡೆಲ್ ಪೀಕ್ ಗಂಟೆಯಲ್ಲಿ ಇದನ್ನು ಕಾಣುವುದಿಲ್ಲ.

ವಿತರಣಾ ಕಂಪನಿಯನ್ನು ಕೇಳಬೇಕಾದದ್ದು ಇಷ್ಟು: ಟ್ರಾನ್ಸ್‌ಫಾರ್ಮರುಗಳ ಕೆ.ವಿ.ಎ., ಹಾಕಿದ ವರ್ಷ, ವರ್ಷದ ಗರಿಷ್ಠ ಲೋಡ್ ರೀಡಿಂಗ್, ಕೆಳಗಿನ ಮನೆಗಳ ಸಂಖ್ಯೆ, ಅತಿ ಉದ್ದದ ಲೈನಿನ ಉದ್ದ ಮತ್ತು ಕೇಬಲ್ ಸೈಜು. ಎಲ್ಲದಕ್ಕೂ ಸಿಗದಿದ್ದರೆ ಬಗೆಗೆ ಇಪ್ಪತ್ತು ಮೂವತ್ತು ಸಿಕ್ಕಿದರೂ ಶುರು ಮಾಡಬಹುದು. ಜೊತೆಗೆ ಇತ್ತೀಚೆಗೆ ಮುಗಿಸಿದ ಕೆಲವು ಕೆಲಸಗಳ ನಿಜವಾದ ಬಿಲ್, ಅಗೆತ ಬೇರೆ, ಸಾಮಾನು ಬೇರೆ ಮಾಡಿ. ಅದು ಕೈಗೆ ಬರುವ ಮೊದಲೇ ಒಂದು ಪರೀಕ್ಷೆ ಮಾಡಿಡಿ. ಅಂದಾಜು ಬೆಲೆ ಹಾಕಿ ಮಾಡೆಲ್ ಓಡಿಸಿ, ಆಮೇಲೆ ಆ ಬೆಲೆಯನ್ನು ಅರ್ಧ ಮಾಡಿ ಒಮ್ಮೆ, ಎರಡು ಪಟ್ಟು ಮಾಡಿ ಒಮ್ಮೆ. ಮೂರರಲ್ಲೂ ಹೀಟ್ ಪಂಪ್, ಸೋಲಾರ್, ಇನ್ಸುಲೇಶನ್ ಪ್ರಮಾಣ ಹೆಚ್ಚುಕಡಿಮೆ ಅದೇ ಬಂದರೆ ಒರಟು ಸಂಖ್ಯೆಯೇ ಸಾಕು, ಬೆಲೆಯ ಗೆರೆ ತಿದ್ದುತ್ತಾ ಕೂರಬೇಡಿ. ಯಾವ ಬಗೆಯ ಪ್ರದೇಶದಲ್ಲಿ ಉತ್ತರ ಬದಲಾಗುತ್ತದೋ ಅಲ್ಲಿಯ ನೆಟ್‌ವರ್ಕ್ ಡೇಟಾವನ್ನೇ ಮೊದಲು ಕೇಳಿ.